ಕಾರವಾರದ ಕಡಲು ಮತ್ತು ಅದರ ಬೆನ್ನಿಗಿರುವ ಘಟ್ಟ: ಬೈತಖೋಲ ಬಂದರಿನ ಐನೂರು ವರ್ಷ

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಅನ್ನುವ ಸುದ್ದಿ ಬಂದರೆ ಸಾಕು, ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲತೊಡಗುತ್ತವೆ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗಲೂ ಹಾಗೇ ಆಯಿತು. ನಮ್ಮ ದೋಣಿಗಳ ಜೊತೆಗೆ ಹೊರ ರಾಜ್ಯದ ದೋಣಿಗಳೂ ಓಡಿ ಬಂದು ಇಲ್ಲಿ ಲಂಗರು ಹಾಕಿದವು. ಆಳ ಸಮುದ್ರದಲ್ಲಿ ಮೀನು ಹಿಡಿಯುವ ತಂಡೇಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಳಿ ಕೆಟ್ಟರೆ ಕಾರವಾರಕ್ಕೆ ಹೋಗಬೇಕು ಅನ್ನುವುದು ಅವರಿಗೆ ಗೊತ್ತೇ ಇರುತ್ತದೆ.

ಮುಂಬಯಿ ಮತ್ತು ಕೊಚ್ಚಿಯ ನಡುವೆ ವರ್ಷವಿಡೀ ಹಡಗು ಸುರಕ್ಷಿತವಾಗಿ ನಿಲ್ಲಬಹುದಾದ ಒಂದೇ ತಾಣ ಕಾರವಾರ ಎಂದು ಬ್ರಿಟಿಷರ ಕಾಲದ ಪುಸ್ತಕಗಳು ಮತ್ತೆ ಮತ್ತೆ ಬರೆದವು. ಹಾಗಿದ್ದರೆ ಇಲ್ಲಿ ದೊಡ್ಡ ಬಂದರು ನಗರ ಯಾಕೆ ಬೆಳೆಯಲಿಲ್ಲ? ಇಷ್ಟು ಒಳ್ಳೆಯ ನೀರು ಇಟ್ಟುಕೊಂಡೂ ಕಾರವಾರ ಸಣ್ಣ ಊರಾಗಿಯೇ ಉಳಿದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಬಂದರು ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಅರ್ಥವಾಗುತ್ತದೆ. ಮೊದಲು ನೀರಿನ ವಿಷಯ ನೋಡೋಣ.

ಗುಡ್ಡದ ಮರೆ

ಮಳೆಗಾಲದಲ್ಲಿ ಕಡಲಿಗಿಳಿಯುವವರನ್ನು ಕಾಡುವುದು ಮಳೆಗಿಂತ ಜಾಸ್ತಿ ಅಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತಲೇ ಇರುತ್ತದೆ. ಅಲೆ ಎಷ್ಟು ಎತ್ತರಕ್ಕೆ ಏಳುತ್ತದೆ ಅನ್ನುವುದು ಗಾಳಿಯ ವೇಗದ ಮೇಲೆ ಮಾತ್ರ ನಿಂತಿಲ್ಲ. ಗಾಳಿ ಎಷ್ಟು ಹೊತ್ತು ಬೀಸಿತು, ಎಷ್ಟು ದೂರದ ತೆರೆದ ನೀರಿನ ಮೇಲೆ ಬೀಸಿತು ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಕರಾವಳಿಯ ಎದುರಿಗೆ ಇಡೀ ಅರಬ್ಬಿ ಸಮುದ್ರವೇ ಇದೆ. ಹಾಗಾಗಿ ಮುಂಗಾರಿನ ಅಲೆಗೆ ಬೆಳೆಯಲು ಜಾಗವೂ ಇದೆ, ಸಮಯವೂ ಇದೆ. ದಡದಲ್ಲಿ ಗಾಳಿ ನಿಂತ ದಿನವೂ ದೂರದಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಬಂದು ಬಡಿಯುತ್ತಲೇ ಇರುತ್ತವೆ.

ಇಂಥ ಕಡಲಿನಲ್ಲಿ ಹಡಗು ಎಲ್ಲಿ ನಿಲ್ಲಬೇಕು? ನದಿಯ ಒಳಗೆ ಹೋಗಿ ನಿಂತರೆ ಆಯ್ತಲ್ವಾ ಅನ್ನಿಸಬಹುದು. ಹೊನ್ನಾವರದ ಶರಾವತಿ, ತದಡಿಯ ಅಘನಾಶಿನಿ, ಕಾರವಾರದ ಕಾಳಿ, ಎಲ್ಲವೂ ಅಗಲವಾದ ನದಿಗಳೇ. ತೊಂದರೆ ಇರುವುದು ಅಳಿವೆ ಬಾಗಿಲಲ್ಲಿ. ನದಿ ತಂದ ಮರಳನ್ನು ಸಮುದ್ರದ ಅಲೆ ಹಿಂದಕ್ಕೆ ತಳ್ಳುತ್ತದೆ. ಎರಡೂ ಸೇರುವಲ್ಲಿ ಮರಳಿನ ದಿಬ್ಬ ಏಳುತ್ತದೆ. ಅದರ ಮೇಲೆ ನೀರು ತೆಳು. ದೊಡ್ಡ ಅಲೆ ಅಲ್ಲಿಗೆ ಬಂದು ಒಡೆಯುತ್ತದೆ. ಸಾಲದ್ದಕ್ಕೆ ಆ ದಿಬ್ಬ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಒಳಗೆ ನೀರು ಎಷ್ಟೇ ಶಾಂತವಾಗಿದ್ದರೂ ಬಾಗಿಲು ದಾಟುವುದೇ ಪ್ರಾಣಾಪಾಯ. ಮೀನುಗಾರಿಕೆ ದೋಣಿಗಳು ಅಳಿವೆಯಲ್ಲೇ ಮಗುಚುವುದನ್ನು ನಾವು ಈಗಲೂ ಪತ್ರಿಕೆಯಲ್ಲಿ ಓದುತ್ತೇವೆ.

ಕಾರವಾರದ ಹೆಚ್ಚುಗಾರಿಕೆ ಅಂದ್ರೆ ಅದು ನದಿಯನ್ನು ನಂಬಿಕೊಂಡಿಲ್ಲ. ಕಾಳಿ ನದಿ ಸಮುದ್ರ ಸೇರುವಲ್ಲಿ ಬಡಗಣ ದಡದಲ್ಲಿ ಸದಾಶಿವಗಡದ ಗುಡ್ಡ, ತೆಂಕಣ ದಡದಲ್ಲಿ ಕೋಡಿಬಾಗ. ಅಲ್ಲಿಂದ ದಕ್ಷಿಣಕ್ಕೆ ಊರಿನ ಉದ್ದನೆಯ ಮರಳ ದಂಡೆ. ಆ ದಂಡೆ ಮುಗಿಯುವಲ್ಲಿ ಒಂದು ಗುಡ್ಡ ನೇರವಾಗಿ ಪಶ್ಚಿಮಕ್ಕೆ ಚಾಚಿ ಕಡಲಿಗೆ ಇಳಿದಿದೆ. ಇದೇ ಕಾರವಾರದ ಭೂಶಿರ. ಈ ಗುಡ್ಡದ ಬಡಗಣ ಮಗ್ಗುಲಲ್ಲಿ, ಅದರ ಮರೆಯಲ್ಲಿ, ಬೈತಖೋಲ ಇದೆ.

ನೈಋತ್ಯದಿಂದ ಬರುವ ಅಲೆ ಗುಡ್ಡದ ಹೊರ ಮಗ್ಗುಲಿಗೆ ಬಡಿದು ಅಲ್ಲೇ ಒಡೆಯುತ್ತದೆ. ತುದಿಯನ್ನು ದಾಟಿ ಬಂದ ಭಾಗ ಮಾತ್ರ ಒಳಗೆ ತಿರುಗುತ್ತದೆ. ಗೋಡೆಯ ಆಚೆ ಮಾತಾಡಿದರೂ ದನಿ ಸಣ್ಣಗೆ ಈಚೆ ಕೇಳಿಸುತ್ತದಲ್ಲ, ಹಾಗೆ. ಒಳಗೆ ತಿರುಗಿದ ಅಲೆ ಅಗಲವಾಗಿ ಹರಡಿಕೊಳ್ಳುತ್ತದೆ. ಇದ್ದ ಶಕ್ತಿ ಅಷ್ಟೇ, ಹಂಚಿಕೊಳ್ಳಬೇಕಾದ ಜಾಗ ಜಾಸ್ತಿ. ಹಾಗಾಗಿ ಎತ್ತರ ಕುಗ್ಗುತ್ತದೆ. ಇನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿಯ ದಿಕ್ಕೇ ಬೇರೆ. ಆಗ ಅದು ವಾಯವ್ಯದಿಂದ ಜೋರಾಗಿ ಬೀಸುತ್ತದೆ, ಗುಡ್ಡದ ಮರೆ ಆ ಕಡೆಗೆ ಸಾಲುವುದಿಲ್ಲ. ಆಗ ಕೆಲಸಕ್ಕೆ ಬರುವುದು ಕೊಲ್ಲಿಯ ನಡುಗಡ್ಡೆಗಳು. ಅವುಗಳ ಮರೆಯಲ್ಲಿ ಹಾಯಿ ದೋಣಿಗಳು ನಿಂತು ಗಾಳಿ ಇಳಿಯುವುದನ್ನು ಕಾಯುತ್ತಿದ್ದವು. ಒಂದು ಕಾಲಕ್ಕೆ ಗುಡ್ಡ, ಇನ್ನೊಂದು ಕಾಲಕ್ಕೆ ದ್ವೀಪ. ಇಂಥ ಜೋಡಿ ಒಂದೇ ಕಡೆ ಸಿಗುವುದು ಅಪರೂಪ.

ಮರೆ ಇದ್ದರಷ್ಟೇ ಸಾಲದು, ಲಂಗರು ಕಚ್ಚಿ ಹಿಡಿಯುವ ನೆಲವೂ ಬೇಕು. ಲಂಗರು ತನ್ನ ಭಾರದಿಂದ ಹಡಗನ್ನು ಹಿಡಿದಿಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದರ ಕೊಕ್ಕೆ ನೆಲದೊಳಗೆ ಹೂತುಕೊಳ್ಳಬೇಕು. ಹೂತುಕೊಳ್ಳಬೇಕಾದರೆ ಅದನ್ನು ಎಳೆಯುವ ಸರಪಳಿ ನೆಲಕ್ಕೆ ಸಮನಾಗಿ ಮಲಗಿರಬೇಕು. ಸರಪಳಿ ಗಿಡ್ಡವಾದರೆ ಹಡಗು ಲಂಗರನ್ನು ಮೇಲಕ್ಕೆ ಎತ್ತುತ್ತದೆ, ಹಿಡಿತ ತಪ್ಪುತ್ತದೆ. ಅದಕ್ಕೇ ಹತ್ತು ಮೀಟರ್ ಆಳದ ನೀರಿನಲ್ಲಿ ಐವತ್ತು, ಎಪ್ಪತ್ತು ಮೀಟರ್ ಸರಪಳಿ ಬಿಡುತ್ತಾರೆ. ಗಾಳಿ ಜೋರಾದರೆ ಇನ್ನಷ್ಟು ಬಿಡುತ್ತಾರೆ. ಹಡಗು ಗಾಳಿಗೆ ಮುಖ ಕೊಟ್ಟು ಲಂಗರಿನ ಸುತ್ತ ತಿರುಗುತ್ತದೆ, ಅದಕ್ಕೆ ಸುತ್ತಲೂ ಖಾಲಿ ನೀರು ಬೇಕು. ಬಂಡೆ ನೆಲವಾದರೆ ಕೊಕ್ಕೆ ಜಾರುತ್ತದೆ. ಸಡಿಲ ಮರಳೂ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಗಟ್ಟಿಯಾದ ಕೆಸರು ಒಳ್ಳೆಯದು. ಕಾರವಾರದ ಕೊಲ್ಲಿಗೆ ಆ ಕೆಸರನ್ನು ಕಾಳಿ ನದಿ ಸಾವಿರಾರು ವರ್ಷಗಳಿಂದ ತಂದು ಹಾಸಿದೆ. ಈಗ ಬಂದರಿನವರು ಹೂಳು ಎಂದು ಎತ್ತಿ ಹಾಕುವುದೂ ಅದೇ ಕೆಸರನ್ನೇ. ಲಂಗರು ಹಾಕುವವನಿಗೆ ಬೇಕಾದದ್ದು ಧಕ್ಕೆ (ಹಡಗು ತಾಗಿ ನಿಲ್ಲುವ ಕಟ್ಟೆ) ಕಟ್ಟುವವನಿಗೆ ಬೇಡ.

ಅಂಜುದೀವ್

ಕಾರವಾರದ ಭೂಶಿರದ ದಕ್ಷಿಣಕ್ಕೆ, ಬಿಣಗಾ ತೀರದ ಎದುರು ಅಂಜುದೀವ್ ದ್ವೀಪ ಇದೆ. ಯುರೋಪಿನವರ ಬರಹಗಳಲ್ಲಿ ಕಾರವಾರಕ್ಕಿಂತ ಮೊದಲು ಕಾಣಿಸುವುದು ಇದೇ. ಕಾರಣ ಸರಳ: ದ್ವೀಪಕ್ಕೂ ದಡಕ್ಕೂ ನಡುವೆ ಮರೆಯ ನೀರು ಇತ್ತು, ದ್ವೀಪದಲ್ಲಿ ಕುಡಿಯುವ ಸಿಹಿನೀರು ಇತ್ತು. ತಿಂಗಳುಗಟ್ಟಲೆ ಕಡಲಿನಲ್ಲಿ ತೇಲಿ ಬಂದವರಿಗೆ ಇನ್ನೇನು ಬೇಕು?

1498ರಲ್ಲಿ ಕ್ಯಾಲಿಕಟ್‌ನಿಂದ ವಾಪಸ್ ಹೊರಟ ವಾಸ್ಕೋ ಡ ಗಾಮ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂದ. ಹಡಗುಗಳನ್ನು ದಡಕ್ಕೆ ಒರಗಿಸಿ ತಳಕ್ಕೆ ಅಂಟಿದ್ದ ಚಿಪ್ಪು, ಪಾಚಿಯನ್ನು ಕೆರೆಸಿದ, ನೀರು ತುಂಬಿಸಿಕೊಂಡ. ಅಕ್ಟೋಬರ್ 5ಕ್ಕೆ ಹೊರಟ. ಅಲ್ಲೇ ಅವನು ಎಡವಿದ್ದು. ಬರುವಾಗ ಮುಂಗಾರು ಗಾಳಿ ಬೆನ್ನಿಗಿತ್ತು, ಆಫ್ರಿಕಾದ ಮಾಲಿಂದಿಯಿಂದ ಕ್ಯಾಲಿಕಟ್‌ಗೆ ಒಂದು ತಿಂಗಳೊಳಗೆ ತಲುಪಿದ್ದ. ಹೋಗುವಾಗ ಈಶಾನ್ಯದ ಗಾಳಿ ಇನ್ನೂ ನೆಲೆಯೂರಿರಲಿಲ್ಲ. ಅದೇ ನೀರನ್ನು ದಾಟಲು ಅವನಿಗೆ ಮೂರು ತಿಂಗಳು ಹಿಡಿಯಿತು. ಮಾಲಿಂದಿ ಸೇರಿದ್ದು 1499ರ ಜನವರಿ 7ರಂದು. ಅಷ್ಟರಲ್ಲಿ ಸುಮಾರು 30 ಮಂದಿ ಸ್ಕರ್ವಿ ರೋಗಕ್ಕೆ ಬಲಿಯಾಗಿದ್ದರು. ಅಂಜುದೀವ್‌ನ ಮರೆಯಲ್ಲಿ ಇನ್ನಷ್ಟು ವಾರ ಕಾದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು. ಗಾಳಿ ತಿರುಗುವವರೆಗೆ ಕಾಯಬೇಕು ಅನ್ನುವುದು ಈ ಕರಾವಳಿಯ ನಾವಿಕರಿಗೆ, ಅರಬ್ ವ್ಯಾಪಾರಿಗಳಿಗೆ ಶತಮಾನಗಳಿಂದ ಗೊತ್ತಿದ್ದ ವಿಷಯ.

1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡ ಇಲ್ಲೊಂದು ಕೋಟೆ ಕಟ್ಟಿಸಿದ. ಎದುರು ದಡದಲ್ಲಿ, ಕಾಳಿಯ ಬಾಯಲ್ಲಿ, ಬಿಜಾಪುರದವರ ಸಿಂತಕೋರ ಕೋಟೆ ಇತ್ತು. ಸದಾಶಿವಗಡದ ಬುಡದ ಚಿತ್ತಾಕುಲಾವೇ ಆ ಸಿಂತಕೋರ. ವೈರಿಯ ಕೋಟೆ ಅಷ್ಟು ಹತ್ತಿರ ಇದ್ದಾಗ ದ್ವೀಪ ಕಾಯುವುದು ದುಬಾರಿ. ಎರಡು ವರ್ಷದೊಳಗೆ ಪೋರ್ಚುಗೀಸರು ತಾವೇ ಕೋಟೆ ಕೆಡವಿ ಹೋದರು.

ಆದರೆ ಲಂಗರು ತಾಣವಾಗಿ ದ್ವೀಪದ ಬೆಲೆ ಕಡಿಮೆಯಾಗಲಿಲ್ಲ. 1510ರಲ್ಲಿ ಗೋವಾವನ್ನು ಗೆದ್ದು ಮತ್ತೆ ಕಳೆದುಕೊಂಡ ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಹಡಗು ಹತ್ತಿ ಓಡಿದ. ಎಲ್ಲಿಗೆ ಓಡುವುದು? ಮಳೆಗಾಲ ಶುರುವಾಗಿತ್ತು. ಮಾಂಡೋವಿ ನದಿಯ ಅಳಿವೆ ದಾಟಲು ಆಗಲೇ ಇಲ್ಲ. ಎರಡೂ ದಡದಿಂದ ಗುಂಡು, ಹಡಗಿನಲ್ಲಿ ಹಸಿವು. ಆಗಸ್ಟ್‌ವರೆಗೂ ಅವನ ಹಡಗುಗಳು ನದಿಯೊಳಗೇ ಸಿಕ್ಕಿಬಿದ್ದವು. ಹೊರಬಂದ ಮೇಲೆ ಅವನು ಬಂದದ್ದು ಅಂಜುದೀವ್‌ಗೆ. ಅಳಿವೆ ಬಂದರಿಗೂ ತೆರೆದ ಮರೆಯ ತಾಣಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಇನ್ನೊಂದು ಘಟನೆ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪೋರ್ಚುಗಲ್ ರಾಜಕುಮಾರಿಯ ಜೊತೆಗಿನ 1661ರ ಮದುವೆ ಒಪ್ಪಂದದಲ್ಲಿ ಮುಂಬಯಿ ದ್ವೀಪ ಇಂಗ್ಲೆಂಡಿನ ರಾಜನಿಗೆ ಸಿಕ್ಕಿತ್ತು. ಅದನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ನಾನೂರಕ್ಕೂ ಹೆಚ್ಚು ಸೈನಿಕರ ಜೊತೆ 1662ರಲ್ಲಿ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕೊಡಲು ಒಪ್ಪಲಿಲ್ಲ. ಹಡಗುಗಳು ವಾಪಸ್ ಹೋದವು, ಸೈನಿಕರನ್ನು ಅಂಜುದೀವ್‌ನಲ್ಲಿ ಇಳಿಸಿದರು. ಸರಿಯಾದ ಸೂರಿಲ್ಲ, ಔಷಧಿಯಿಲ್ಲ, ಮೇಲೆ ಕರಾವಳಿಯ ಮಳೆ. ಶಿಪ್‌ಮನ್ 1664ರಲ್ಲಿ ಅಲ್ಲೇ ಸತ್ತ. 1665ರ ಫೆಬ್ರವರಿಯಲ್ಲಿ ಕೊನೆಗೂ ಮುಂಬಯಿ ಇಂಗ್ಲಿಷರ ಕೈಸೇರುವ ಹೊತ್ತಿಗೆ ಉಳಿದಿದ್ದವರು ನೂರರ ಆಸುಪಾಸು. ಹಡಗಿಗೆ ಒಳ್ಳೆಯದಾದ ಜಾಗ ಮನುಷ್ಯರಿಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ಮಸ್ಲಿನ್, ಮೆಣಸು, ಎತ್ತಿನ ಸಾಲು

ಹಳೆಯ ಕಾಲದ ವ್ಯಾಪಾರ ನಡೆಯುತ್ತಿದ್ದದ್ದು ಈಗಿನ ಊರಿನಲ್ಲಲ್ಲ, ಕಾಳಿ ನದಿಯ ಒಳಗಡೆಯ ಕಡವಾಡದಲ್ಲಿ. ಹಡಗು ಹೊರಗೆ ಕೊಲ್ಲಿಯಲ್ಲಿ ನಿಲ್ಲುತ್ತಿತ್ತು, ಸರಕು ಸಣ್ಣ ದೋಣಿಗಳಲ್ಲಿ ನದಿಯ ಮೇಲೆ ಓಡಾಡುತ್ತಿತ್ತು. 1638ರಲ್ಲಿ ಇಂಗ್ಲೆಂಡಿನ ವಿಲಿಯಂ ಕೋರ್ಟೀನ್ ಅವರ ವ್ಯಾಪಾರಿ ಸಂಘ ಇಲ್ಲಿ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ, ತೆರೆಯಿತು. ಮುಂದೆ ಆ ಸಂಘ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸೇರಿಹೋಯಿತು.

ಅವರು ಬಂದದ್ದು ಯಾಕೆ? ಘಟ್ಟದ ಕೆಳಗಿನ ಮತ್ತು ಮೇಲಿನ ಮೆಣಸು, ಏಲಕ್ಕಿ ಒಂದು ಕಾರಣ. ಬಯಲುಸೀಮೆಯ ಬಟ್ಟೆ ಇನ್ನೊಂದು. ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಕಾರವಾರದಿಂದ ಹೋಗುತ್ತಿತ್ತು, ಅದನ್ನು ನೇಯಲು ಹುಬ್ಬಳ್ಳಿ ಮತ್ತು ಸುತ್ತಿನ ಊರುಗಳಲ್ಲಿ 50,000 ನೇಕಾರರಿಗೆ ಕೆಲಸವಿತ್ತು ಎಂದು ಬಾಂಬೆ ಗೆಜೆಟಿಯರ್ ಹೇಳುತ್ತದೆ. ಆ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ವ್ಯಾಪಾರ ಸಣ್ಣದಾಗಿರಲಿಲ್ಲ ಅನ್ನುವುದಂತೂ ಖಚಿತ.

ಈಗ ಆ ಬಟ್ಟೆಯ ಗಂಟು ಹುಬ್ಬಳ್ಳಿಯಿಂದ ಹೊರಟಿತು ಅಂದುಕೊಳ್ಳಿ. ಬಯಲು ದಾಟಿ, ಕಾಡು ದಾಟಿ, ಘಟ್ಟದ ಅಂಚಿಗೆ ಬರಬೇಕು. ಅಲ್ಲಿಂದ ಗಾಡಿ ಇಳಿಯುವುದಿಲ್ಲ. ಹೇರು ಹೊತ್ತ ಎತ್ತುಗಳು ಒಂದರ ಹಿಂದೆ ಒಂದು ಕಲ್ಲುದಾರಿಯಲ್ಲಿ ಇಳಿಯಬೇಕು. ಮಳೆ ಶುರುವಾದರೆ ಆ ದಾರಿ ಮುಚ್ಚಿತು. ಹಳ್ಳಗಳು ಉಕ್ಕುತ್ತವೆ, ಎತ್ತಿನ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ. ಬಟ್ಟೆ, ಮೆಣಸು ಎರಡೂ ನೀರು ತಾಗಿದರೆ ಹಾಳು. ಅಂದ್ರೆ ಸಮುದ್ರದಲ್ಲಿ ಅಲೆ ಏಳುವ ನಾಲ್ಕು ತಿಂಗಳೇ ಘಟ್ಟದ ದಾರಿಯೂ ಬಂದ್.

ಇಡೀ ಕಥೆಯ ಗಂಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಮಳೆಗಾಲದಲ್ಲೂ ಹಡಗು ನಿಲ್ಲಬಹುದು ಅನ್ನುವುದು ಕಾರವಾರದ ದೊಡ್ಡ ಶಕ್ತಿ. ಆದರೆ ಮಳೆಗಾಲದಲ್ಲಿ ಹಡಗಿಗೆ ಹಾಕಲು ಸರಕೇ ಬರುವುದಿಲ್ಲ. ಬೇಸಿಗೆಯಲ್ಲಿ ಸರಕು ಬರುತ್ತದೆ ಸರಿ, ಆಗ ಸಮುದ್ರ ಎಲ್ಲ ಕಡೆಯೂ ಶಾಂತವಾಗಿರುತ್ತದೆ. ಕುಮಟಾದ ತೆರೆದ ದಂಡೆಯ ಎದುರೂ ಹಡಗು ನಿಲ್ಲಬಹುದು. ವರ್ಷವಿಡೀ ತೆರೆದಿರುವ ಬಂದರಿಗೆ ಎಂಟು ತಿಂಗಳ ದಾರಿ ಇದ್ದರೆ ಅದೂ ಎಂಟು ತಿಂಗಳ ಬಂದರೇ.

ಇದರ ಮೇಲೆ ರಾಜಕೀಯದ ಏಟುಗಳು. ಮುಂಬಯಿ ಇಂಗ್ಲಿಷರ ಕೈಸೇರಿದ ಅದೇ 1665ರ ಫೆಬ್ರವರಿಯಲ್ಲಿ ಬಸರೂರಿನ ಮೇಲೆ ದಾಳಿ ಮಾಡಿ ಬಂದ ಶಿವಾಜಿ ಕಾರವಾರದ ಹೊರಗೆ ಬೀಡುಬಿಟ್ಟ. ಊರು ಉಳಿಯಬೇಕಾದರೆ ಹಣ ಕೊಡಬೇಕಾಯಿತು, ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡ್. 1697ರಲ್ಲಿ ಕ್ಯಾಪ್ಟನ್ ಕಿಡ್ ಎಂಬ ಹಡಗಿನ ನಾಯಕ ನೀರಿಗಾಗಿ, ದಿನಸಿಗಾಗಿ ಇದೇ ಕೊಲ್ಲಿಗೆ ಬಂದ. ಅವನ ಹಡಗಿನಿಂದ ತಪ್ಪಿಸಿಕೊಂಡ ನಾವಿಕರು ಕೋಠಿಗೆ ಹೋಗಿ, ನಮ್ಮ ಕ್ಯಾಪ್ಟನ್ ಕಡಲ್ಗಳ್ಳನಾಗಿದ್ದಾನೆ ಎಂದು ಹೇಳಿದರು. ಸೋಂದೆ ಅರಸರು ಸದಾಶಿವಗಡದ ಕೋಟೆ ಕಟ್ಟಿದರು. 1752ರಲ್ಲಿ ಅದನ್ನು ಪೋರ್ಚುಗೀಸರು ಹಿಡಿದರು, ಅದೇ ವರ್ಷ ಇಂಗ್ಲಿಷರು ಕೋಠಿಯನ್ನು ಮುಚ್ಚಿದರು. ಮುಂದೆ ಹೈದರಾಲಿ, ಟಿಪ್ಪು, ಯುದ್ಧಗಳು. ಹಳೆಯ ಊರು ಪಾಳುಬಿತ್ತು.

ಹತ್ತಿಯ ಆಸೆ, ರೈಲಿನ ನಿರಾಸೆ

ಕಾರವಾರಕ್ಕೆ ಎರಡನೇ ಸಲ ಬಾಗಿಲು ತೆರೆದದ್ದು ಅಮೆರಿಕದಲ್ಲಿ ಯುದ್ಧ ಶುರುವಾದಾಗ. 1861ರಿಂದ 1865ರವರೆಗಿನ ಅಲ್ಲಿನ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಎಲ್ಲರ ಕಣ್ಣು ಧಾರವಾಡ, ಗದಗದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಅದುವರೆಗೆ ದೇವಿಮನೆ ಘಟ್ಟ ಇಳಿದು ಕುಮಟಾದಿಂದ ಹಡಗೇರುತ್ತಿತ್ತು. ಧಾರವಾಡದಲ್ಲಿ ಬೆಳೆದರೂ ಲಿವರ್‌ಪೂಲ್‌ನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು.

ಕುಮಟಾದಲ್ಲಿ ಹಡಗಿಗೆ ಮರೆ ಇಲ್ಲ, ಕಾರವಾರದಲ್ಲಿ ಇದೆ. ಹಾಗಾಗಿ ಕಾರವಾರವನ್ನೇ ಹತ್ತಿಯ ಬಂದರು ಮಾಡಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಪಟ್ಟುಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಕರಾವಳಿ ಎರಡು ಆಡಳಿತದ ಕೆಳಗೆ ಹೋದದ್ದರಲ್ಲಿ ಈ ಬಂದರಿನ ಆಸೆಯ ಪಾಲು ದೊಡ್ಡದು. ಕಾರವಾರ ಜಿಲ್ಲಾ ಕೇಂದ್ರವಾಯಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು. ಕೈಗಾ, ಅರಬೈಲ್ ಘಟ್ಟಗಳಲ್ಲಿ ಗಾಡಿ ದಾರಿ ಕಡಿಯುವ ಕೆಲಸ ನಡೆಯಿತು.

ಅಷ್ಟರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೆ ಹಾಕಿ ಕಳಿಸಿಯೇ ಬಿಟ್ಟಿದ್ದರು. ಇಲ್ಲಿ ಬಂದು ನೋಡಿದರೆ ಯಂತ್ರ ಇಳಿಸಲು ಧಕ್ಕೆಯೂ ಸಿದ್ಧವಿಲ್ಲ, ಘಟ್ಟದ ರಸ್ತೆಯೂ ಮುಗಿದಿಲ್ಲ. ಯುದ್ಧ ಮುಗಿದ ಮೇಲೆ ಹತ್ತಿಯ ಬೆಲೆ ಕುಸಿಯಿತು, ಆಸಕ್ತಿಯೂ ಇಳಿಯಿತು.

ಆದರೂ ಊರು ಬೆಳೆಯಿತು. 1880ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಟ್ಯಾಗೋರ್ ಬಂದು ಉಳಿದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ ಬಂದರು. ಊರಿನ ದಂಡೆಗೆ ಇವತ್ತು ಅವರದೇ ಹೆಸರು. ಅವರು ನೋಡಿದ ಕಾರವಾರ ರೈಲಿಗಾಗಿ ಕಾಯುತ್ತಿದ್ದ ಕಾರವಾರ.

ಆ ರೈಲು ಬರಲೇ ಇಲ್ಲ. ಈ ಒಂದು ಸಂಗತಿಯನ್ನು ಉಳಿದ ಬಂದರುಗಳ ಜೊತೆ ಇಟ್ಟು ನೋಡಬೇಕು. ಮುಂಬಯಿಯ ಬೆನ್ನಿಗೂ ಸಹ್ಯಾದ್ರಿಯೇ ಇದೆ. 1863ರಲ್ಲಿ ಭೋರ್ ಘಟ್ಟವನ್ನು ರೈಲು ಹತ್ತಿತು, ದಖ್ಖನ್ನಿನ ಹತ್ತಿ ಮುಂಬಯಿಗೆ ಹರಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕೋ ಬೇಡವೋ ಎಂದು ವರ್ಷಗಟ್ಟಲೆ ಚರ್ಚೆಯಾಯಿತು. 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವೆ ಒಪ್ಪಂದವಾಗಿ ರೈಲು ಗೋವಾದ ಮರ್ಮಗೋವಾಕ್ಕೆ ಹೋಯಿತು. 1888ರ ಹೊತ್ತಿಗೆ ಅದು ದೂಧಸಾಗರದ ಪಕ್ಕದಲ್ಲೇ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿತ್ತು. ಅಲ್ಲಿಂದ ಮುಂದೆ ಧಾರವಾಡದ ಸರಕು ಕಾರವಾರದ ಕಡೆ ತಿರುಗಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಕಾರವಾರದ ವ್ಯಾಪಾರ ಇಳಿದದ್ದು ಮರ್ಮಗೋವಾ ರೈಲಿನಿಂದ ಎಂದು ಆ ಕಾಲದವರೇ ಬರೆದಿದ್ದಾರೆ.

ಸ್ವಾತಂತ್ರ್ಯದ ನಂತರವೂ ಇದೇ ಮತ್ತೆ ನಡೆಯಿತು. ಮಂಗಳೂರಿನ ಪಣಂಬೂರಿನಲ್ಲಿ ಗುಡ್ಡದ ಮರೆಯಿಲ್ಲ, ದ್ವೀಪವಿಲ್ಲ. ತೆರೆದ ಮರಳ ದಂಡೆಯನ್ನೇ ಅಗೆದು ಒಳಗೆ ನೀರು ತಂದು ನವಮಂಗಳೂರು ಬಂದರು ಕಟ್ಟಿದರು. 1975ರಲ್ಲಿ ಅದು ಉದ್ಘಾಟನೆಯಾಯಿತು. 1979ರಲ್ಲಿ ಹಾಸನ-ಮಂಗಳೂರು ರೈಲು ಘಟ್ಟ ದಾಟಿತು. ನವಮಂಗಳೂರು ದೇಶದ ಪ್ರಮುಖ ಬಂದರುಗಳಲ್ಲಿ ಒಂದಾಯಿತು, ಕಾರವಾರ ರಾಜ್ಯದ ಸಣ್ಣ ಬಂದರುಗಳ ಪಟ್ಟಿಯಲ್ಲೇ ಉಳಿಯಿತು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಕಾರವಾರ ಮುಟ್ಟಿದ್ದೇನೋ ನಿಜ. ಆದರೆ ಅದು ಕರಾವಳಿಯ ಉದ್ದಕ್ಕೆ ಓಡುವ ರೈಲು, ಘಟ್ಟ ಹತ್ತುವ ರೈಲಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಬೇಡಿಕೆ ದಶಕಗಳಿಂದ ಇದ್ದಲ್ಲೇ ಇದೆ. ಅಡ್ಡ ನಿಂತಿರುವುದು ಪಶ್ಚಿಮಘಟ್ಟದ ಕಾಡು. ಆ ಕಾಡು ಉಳಿಯಬೇಕು ಅನ್ನುವವರ ಮಾತಿನಲ್ಲೂ ನ್ಯಾಯವಿದೆ, ಮರ ಕಡಿದ ಗುಡ್ಡ ಏನಾಗುತ್ತದೆ ಎಂದು ಈ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು.

ರಸ್ತೆಯೂ ಇನ್ನೂ ಸುಲಭವಾಗಿಲ್ಲ. 2000ದ ನಂತರ ಬಳ್ಳಾರಿಯ ಅದಿರು ಲಾರಿಗಳಲ್ಲಿ ಅರಬೈಲ್ ಘಟ್ಟ ಇಳಿದು ಕಾರವಾರ, ಬೇಲೇಕೇರಿಗಳಿಂದ ಹಡಗೇರಿತು. ಧಕ್ಕೆಗೆ ಕೈತುಂಬ ಕೆಲಸ, ರಸ್ತೆ ಬದಿಯ ಮನೆಗಳಿಗೆ ಕೆಂಪು ಧೂಳು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಅದೂ ನಿಂತಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು, ಜೀವಗಳು ಹೋದವು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು.

ವ್ಯಾಪಾರಕ್ಕೆ ಬೇಡವಾದದ್ದು ನೌಕಾಪಡೆಗೆ ಬೇಕಾಯಿತು

ಕೋಟೆ ಕೆಡವಿ ಹೋದ ಪೋರ್ಚುಗೀಸರು ಮುಂದೆ ಅಂಜುದೀವ್‌ಗೆ ಮರಳಿದ್ದರು, 1961ರವರೆಗೂ ಅದು ಅವರ ಕೈಯಲ್ಲೇ ಇತ್ತು. ಆ ವರ್ಷದ ನವೆಂಬರ್‌ನಲ್ಲಿ ಪಕ್ಕದಲ್ಲಿ ಹೋಗುತ್ತಿದ್ದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆಯ ಭಾಗವಾಗಿ ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಹಡಗುಗಳು ಬಂದವು. ದ್ವೀಪಕ್ಕೆ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಪ್ರಾಣ ಕೊಟ್ಟರು. ಮರುದಿನ ದ್ವೀಪ ಕೈವಶವಾಯಿತು. ಇವತ್ತಿಗೂ ಅದು ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಕಾರವಾರದ ಕಣ್ಣೆದುರೇ ಇದ್ದರೂ.

ನೌಕಾಪಡೆಗೆ ಮುಂಬಯಿ ಬಂದರು ಇಕ್ಕಟ್ಟಾಗುತ್ತಿತ್ತು. ವ್ಯಾಪಾರದ ಹಡಗು, ತೈಲ ಹಡಗು, ಮೀನು ದೋಣಿ ಎಲ್ಲದರ ನಡುವೆ ಯುದ್ಧನೌಕೆ ಓಡಾಡಬೇಕು. ಅವರು ಬೇರೆ ಜಾಗ ಹುಡುಕಿದಾಗ ಕಾರವಾರದ ದಕ್ಷಿಣದ ಬಿಣಗಾ, ಅರ್ಗಾ ಕೊಲ್ಲಿಗಳು ಕಣ್ಣಿಗೆ ಬಿದ್ದವು. ದಡದ ಹತ್ತಿರವೇ ಸಾಕಷ್ಟು ಆಳ, ಎದುರಿಗೆ ದ್ವೀಪ, ಬೆನ್ನಿಗೆ ಕಾಡು ಗುಡ್ಡ. ಪಾಕಿಸ್ತಾನದ ವಿಮಾನ ನೆಲೆಗಳಿಂದ ದೂರ. ಸುತ್ತ ದೊಡ್ಡ ಊರಿಲ್ಲ, ವ್ಯಾಪಾರದ ಗದ್ದಲವಿಲ್ಲ. ವ್ಯಾಪಾರಿಯ ಕಣ್ಣಿಗೆ ಕೊರತೆಯಾಗಿ ಕಂಡದ್ದೆಲ್ಲ ಇಲ್ಲಿ ಅನುಕೂಲವಾಯಿತು. ಯುದ್ಧನೌಕೆ ಹೋಗುವುದೂ ಬರುವುದೂ ಸಮುದ್ರದಿಂದಲೇ. ಅದಕ್ಕೆ ಘಟ್ಟದ ಮೇಲಿನ ಹತ್ತಿಯೂ ಬೇಡ, ಅದಿರೂ ಬೇಡ.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಎಂಬ ಈ ನೌಕಾನೆಲೆಯ ಯೋಜನೆಗೆ ಅಡಿಗಲ್ಲು ಇಟ್ಟರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಕೆಲಸ ಶುರುಮಾಡಿತು. ಅಂಜುದೀವ್‌ಗೂ ದಡಕ್ಕೂ ನಡುವೆ ಬಂಡೆ ಸುರಿದು ಅಲೆ ತಡೆಗೋಡೆ ಕಟ್ಟಿದರು. ಹಾಯಿ ಹಡಗಿನವರಿಗೆ ದ್ವೀಪ ಕೊಡುತ್ತಿದ್ದ ಅರ್ಧ ಮರೆಯನ್ನು ಪೂರ್ತಿ ಮರೆ ಮಾಡಿದ್ದು ಈ ಗೋಡೆ. 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಎತ್ತಿ, ನೆಲದ ಮೇಲೆ ಉರುಳಿಸಿಕೊಂಡು ಹೋಗಿ ದುರಸ್ತಿ ಮಾಡುವ ವ್ಯವಸ್ಥೆ ಇಲ್ಲಿದೆ. ವಿಮಾನವಾಹಕ ನೌಕೆಗಳೂ ಈ ನೆಲೆಗೆ ಬಂದು ನಿಲ್ಲುತ್ತವೆ.

ಇದರ ಬೆಲೆಯನ್ನೂ ಹೇಳಲೇಬೇಕು. ಅರ್ಗಾ ಮತ್ತು ಸುತ್ತಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದು ಹೋದವು. ಪರಿಹಾರಕ್ಕಾಗಿ ಕೋರ್ಟಿಗೆ ಅಲೆದವರಲ್ಲಿ ಎಷ್ಟೋ ಜನ ಹಣ ಕೈಸೇರುವ ಮೊದಲೇ ತೀರಿಕೊಂಡರು. ಗದ್ದೆಗೆ ಬದಲು ಗದ್ದೆ ಕೊಡಬಹುದು, ಮೀನುಗಾರನಿಗೆ ಬೇರೆ ಸಮುದ್ರ ಕೊಡಲು ಆಗುವುದಿಲ್ಲ.

ಈಗಿನ ಜಗಳವೂ ಇಲ್ಲಿಂದಲೇ ಶುರುವಾಗುತ್ತದೆ. ಬೈತಖೋಲದ ವ್ಯಾಪಾರಿ ಬಂದರಿಗೆ ಈಗ ಮುಖ್ಯವಾಗಿ ಡಾಂಬರು, ತೈಲದಂಥ ಸರಕು ಬರುತ್ತದೆ. ಇದನ್ನು ದೊಡ್ಡದು ಮಾಡಲು ಕೇಂದ್ರ ಸರ್ಕಾರದ ಬಂದರು ಅಭಿವೃದ್ಧಿಯ ಸಾಗರಮಾಲಾ ಯೋಜನೆಯಡಿ ಊರಿನ ಕಡೆಗೆ ಇನ್ನೊಂದು ಅಲೆ ತಡೆಗೋಡೆ ಕಟ್ಟುವ ಕೆಲಸ 2020ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಶುರುವಾಯಿತು. ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ಹೈಕೋರ್ಟ್ ತಡೆ ಕೊಟ್ಟಿತು.

ಮೀನುಗಾರರ ಲೆಕ್ಕಾಚಾರ ಹೀಗಿದೆ. ದಕ್ಷಿಣದ ಕೊಲ್ಲಿಗಳು ನೌಕಾಪಡೆಗೆ ಹೋದವು. ಬೈತಖೋಲ ಬಂದರಿಗೆ ಹೋಯಿತು. ಅಲ್ಲಿಂದ ಕಾಳಿಯ ಅಳಿವೆಯವರೆಗೆ ಉಳಿದಿರುವುದು ಟ್ಯಾಗೋರ್ ದಂಡೆ ಒಂದೇ. ರಂಪಣಿ ಬಲೆ ಎಳೆಯಲು ಗೋಡೆಯಿಲ್ಲದ, ಉದ್ದನೆಯ, ಇಳಿಜಾರಾದ ಮರಳು ಬೇಕು. ದೋಣಿ ಅರ್ಧ ಚಂದ್ರಾಕಾರದಲ್ಲಿ ಬಲೆ ಬಿಟ್ಟು ಬರುತ್ತದೆ, ಎರಡೂ ತುದಿಯನ್ನು ದಂಡೆಯ ಮೇಲೆ ನಿಂತ ಜನ ಸಾಲಾಗಿ ಹಿಡಿದು ಎಳೆಯುತ್ತಾರೆ. ಬಂಗಡೆಯ ಹಿಂಡು ದಡಕ್ಕೆ ಬಂದ ದಿನ ಇಡೀ ಕೇರಿಗೇ ಕೆಲಸ, ಕೇರಿಗೆಲ್ಲ ಪಾಲು. ತಡೆಗೋಡೆ ಬಂದರೆ ಅದರ ಒಂದು ಮಗ್ಗುಲಲ್ಲಿ ಮರಳು ತುಂಬುತ್ತದೆ, ಇನ್ನೊಂದು ಮಗ್ಗುಲಲ್ಲಿ ಕೊರೆಯುತ್ತದೆ. ಅಲೆಯನ್ನು ನಿಲ್ಲಿಸುವ ಗೋಡೆ ದಂಡೆಯ ಉದ್ದಕ್ಕೆ ಸಾಗುವ ಮರಳನ್ನೂ ನಿಲ್ಲಿಸುತ್ತದೆ. ನಮ್ಮ ಕರಾವಳಿಯ ಬೇರೆ ಊರುಗಳಲ್ಲಿ ಇದು ಈಗಾಗಲೇ ಕಣ್ಣಿಗೆ ಕಾಣುತ್ತಿದೆ.

ಬಂದರು ದೊಡ್ಡದಾಗಬೇಕು ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಹೆಚ್ಚಿನ ಹಡಗು ನಿಲ್ಲಲು ಜಾಗ ಮಾಡಿದ ಮೇಲೆ ಆ ಹಡಗಿನ ಸರಕು ಯಾವ ದಾರಿಯಲ್ಲಿ ಘಟ್ಟ ಹತ್ತುತ್ತದೆ? ಘಟ್ಟದ ರೈಲು ಕಾಗದದ ಮೇಲೆಯೇ ಇದೆ, ಹೆದ್ದಾರಿಯ ಗುಡ್ಡಗಳು ಪ್ರತಿ ಮಳೆಗಾಲದಲ್ಲಿ ಜಾರುತ್ತಿವೆ. ಇದಕ್ಕೆ ಉತ್ತರ ಸಿಗುವವರೆಗೆ ಟ್ಯಾಗೋರ್ ದಂಡೆಯ ಮರಳಿಗೆ ಕೈಹಾಕುವ ತುರ್ತು ಏನಿದೆ ಅನ್ನುವುದು ನನಗೆ ಕಾಣಿಸುತ್ತಿಲ್ಲ.